ಸಂಪರ್ಕಗಳ ಲೆಕ್ಕ ಸಾಲದು: ಮಾಹಿತಿ ತಂತ್ರಜ್ಞಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಡಿಜಿಟಲ್ ಪ್ರಗತಿಯನ್ನು ಕುರಿತ ಸರ್ಕಾರಿ ವರದಿಗಳಲ್ಲಿ ಎಷ್ಟು ಉದ್ಯಮಗಳಿಗೆ ಇಂಟರ್ನೆಟ್ ಸಂಪರ್ಕ ದೊರೆಯಿತು, ಎಷ್ಟು ಸೇವೆಗಳು ಆನ್‌ಲೈನ್ ಆದವು ಎಂಬ ಲೆಕ್ಕ ತಪ್ಪದೆ ಇರುತ್ತದೆ. ಇವೆಲ್ಲದರಿಂದ ದುಡಿಯುವವರ ಒಂದು ಗಂಟೆಯ ದುಡಿಮೆಯ ಫಲ ಎಷ್ಟು ಹೆಚ್ಚಿತು ಎಂಬುದು ಮಾತ್ರ ಅಪರೂಪಕ್ಕೂ ಕಾಣಿಸುವುದಿಲ್ಲ. ತಾವು ಡಿಜಿಟಲ್ ಮಾರುಕಟ್ಟೆಗೆ ನಿಯಮಗಳನ್ನು ರೂಪಿಸುವಾಗ ಈ ಎರಡನೆಯ ಲೆಕ್ಕವನ್ನೇ ಮುಂದಿಟ್ಟುಕೊಳ್ಳಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಪ್ರಶ್ನೆ ಹಳೆಯದು. ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತಿದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಬೀಳುತ್ತಿಲ್ಲ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ 1987ರಲ್ಲೇ ಬರೆದಿದ್ದರು. ಮೂರು ವರ್ಷಗಳ ನಂತರ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ ಇದಕ್ಕೆ ವಿದ್ಯುತ್ತಿನ ಚರಿತ್ರೆಯಲ್ಲಿ ಉತ್ತರ ಹುಡುಕಿದರು. ನ್ಯೂಯಾರ್ಕಿನಲ್ಲಿ ಎಡಿಸನ್ನರ ವಿದ್ಯುತ್ ಕೇಂದ್ರ ಆರಂಭವಾದದ್ದು 1882ರಲ್ಲಿ. ಅಮೆರಿಕದ ಕಾರ್ಖಾನೆಗಳ ಉತ್ಪಾದಕತೆ ಜಿಗಿದದ್ದು 1920ರ ದಶಕದಲ್ಲಿ. ಮೊದಮೊದಲು ಮಾಲೀಕರು ಉಗಿಯಂತ್ರವನ್ನು ಕಿತ್ತು, ಅದೇ ಜಾಗದಲ್ಲಿ ದೊಡ್ಡದೊಂದು ಮೋಟಾರು ಕೂರಿಸಿ, ಅದರ ಬಲವನ್ನು ಎಲ್ಲ ಯಂತ್ರಗಳಿಗೂ ಹಂಚುವ ಹಳೆಯ ಶಾಫ್ಟು, ಬೆಲ್ಟುಗಳನ್ನು ಹಾಗೆಯೇ ಉಳಿಸಿಕೊಂಡಿದ್ದರು. ಪ್ರತಿ ಯಂತ್ರಕ್ಕೂ ಅದರದೇ ಮೋಟಾರು ಬಂದು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಯಂತ್ರಗಳನ್ನು ಜೋಡಿಸಿದ ಒಂದೇ ಅಂತಸ್ತಿನ ಕಾರ್ಖಾನೆಗಳು ಎದ್ದ ಮೇಲೆಯೇ ಫಲ ಕೈಗೆ ಬಂದದ್ದು.

ಸಣ್ಣ ಕಾರ್ಖಾನೆಗಳಿಗೆ ಲೆಕ್ಕಪತ್ರ ಮತ್ತು ದಾಸ್ತಾನಿನ ಸಾಫ್ಟ್‌ವೇರ್ ಅಳವಡಿಸಿಕೊಡುವುದು ನನ್ನ ವೃತ್ತಿ. ಆ ಹಳೆಯ ಬೆಲ್ಟುಗಳನ್ನು ನಾನು ಇಂದಿಗೂ ಕಾಣುತ್ತೇನೆ. ಉಗ್ರಾಣದ ದಾಸ್ತಾನನ್ನು ಕಂಪ್ಯೂಟರಿಗೂ ಏರಿಸುತ್ತಾರೆ, ರಿಜಿಸ್ಟರಿನಲ್ಲೂ ಬರೆಯುತ್ತಾರೆ, ಎರಡೂ ತಾಳೆಯಾಗದಿದ್ದಾಗ ರಿಜಿಸ್ಟರನ್ನೇ ನಂಬುತ್ತಾರೆ. ಕೆಲಸ ಇಮ್ಮಡಿಯಾಯಿತು, ಅಷ್ಟೆ. ಅವರನ್ನು ನಾನು ದೂರುವುದಿಲ್ಲ. ಪದ್ಧತಿಯನ್ನೇ ಬದಲಿಸಬೇಕಾದರೆ ಯಂತ್ರದ ಬೆಲೆಗಿಂತ ತರಬೇತಿಯ ಖರ್ಚು ಹೆಚ್ಚು, ಕೆಲವು ತಿಂಗಳ ಗೊಂದಲವನ್ನು ತಾಳಿಕೊಳ್ಳುವ ಬಲವೂ ಬೇಕು.

ಅಮೆರಿಕದಲ್ಲಿ 1973ರಿಂದ 1995ರವರೆಗೆ ವರ್ಷಕ್ಕೆ ಸುಮಾರು ಶೇ 1.5ರಷ್ಟಿದ್ದ ಶ್ರಮ ಉತ್ಪಾದಕತೆಯ ಬೆಳವಣಿಗೆ, ನಂತರದ ಹತ್ತು ವರ್ಷಗಳ ಕಾಲ ಶೇ 3ರ ಸಮೀಪಕ್ಕೆ ಏರಿ, ಮತ್ತೆ ಹಳೆಯ ಮಟ್ಟಕ್ಕೆ ಇಳಿಯಿತು. ಅದೇ ಕಂಪ್ಯೂಟರುಗಳನ್ನು ಕೊಳ್ಳಬಹುದಾಗಿದ್ದ ಯುರೋಪಿನಲ್ಲಿ ಅಂತಹ ಏರಿಕೆ ಆಗಲಿಲ್ಲ. ಬ್ರಿಟನ್ನಿನಲ್ಲಿದ್ದ ಉದ್ಯಮಗಳನ್ನು ಹೋಲಿಸಿ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಮೆರಿಕನ್ ಒಡೆತನದ ಸಂಸ್ಥೆಗಳು ಮಾಹಿತಿ ತಂತ್ರಜ್ಞಾನದಿಂದ ಉಳಿದವರಿಗಿಂತ ಹೆಚ್ಚು ಫಲ ಪಡೆಯುತ್ತಿದ್ದವು, ಮತ್ತು ಆ ವ್ಯತ್ಯಾಸಕ್ಕೆ ಸಿಬ್ಬಂದಿಯನ್ನು ನಿರ್ವಹಿಸುವ ರೀತಿಯೇ ಬಹುಮಟ್ಟಿಗೆ ಕಾರಣವಾಗಿತ್ತು. ಹೀಗಿರುವಾಗ ಬರಿಯ ಉಪಕರಣ ಕೊಳ್ಳಲು ಸಹಾಯಧನ ಕೊಡುವ ಯೋಜನೆಗಳಿಂದ ಹೆಚ್ಚೇನನ್ನೂ ನಿರೀಕ್ಷಿಸಲಾಗದು ಎಂದೇ ನನ್ನ ಎಣಿಕೆ.

ಮಾರುಕಟ್ಟೆ ನೀತಿಯ ಪಾತ್ರ ಇಲ್ಲಿಂದ ಮುಂದಿನದು. ಪದ್ಧತಿ ಬದಲಿಸಲು ಸಿದ್ಧವಿರುವ ಉದ್ಯಮಕ್ಕೂ ಬಾಗಿಲು ಮುಚ್ಚಿರಬಹುದು. ನನ್ನ ಗ್ರಾಹಕರೊಬ್ಬರು ತಮಗೆ ಹೊಂದದ ಸಾಫ್ಟ್‌ವೇರನ್ನು ಬಿಡಲು ಹೊರಟಾಗ, ಹಲವು ವರ್ಷಗಳ ದಾಖಲೆ ಬೇರಾವ ವ್ಯವಸ್ಥೆಯೂ ಓದಲಾಗದ ರೂಪದಲ್ಲಿದೆ, ಅದನ್ನು ಹೊರತೆಗೆದುಕೊಡಲು ಪ್ರತ್ಯೇಕ ಶುಲ್ಕ ಕೊಡಬೇಕು ಎಂಬ ಉತ್ತರ ಬಂತು. ಅವರು ಅಲ್ಲೇ ಉಳಿದರು. ದಾಖಲೆ ಅವರದೇ ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಕಾನೂನು ಇಂತಹ ಬಾಗಿಲನ್ನು ತೆರೆಸಿದ ನಿದರ್ಶನಗಳಿವೆ. ಅಮೆರಿಕದ ದೂರವಾಣಿ ಜಾಲಕ್ಕೆ ಹೊರಗಿನವರು ತಯಾರಿಸಿದ ಉಪಕರಣಗಳನ್ನು ಜೋಡಿಸಲು ಅಲ್ಲಿನ ಸಂವಹನ ಆಯೋಗ 1968ರ ಕಾರ್ಟರ್‌ಫೋನ್ ತೀರ್ಪಿನಲ್ಲಿ ಅವಕಾಶ ಕೊಟ್ಟಿತು. ಕಂಪ್ಯೂಟರನ್ನು ದೂರವಾಣಿ ಜಾಲಕ್ಕೆ ಜೋಡಿಸುವ ಮೋಡೆಮ್‌ಗಳ ಸ್ವತಂತ್ರ ಮಾರುಕಟ್ಟೆಗೆ ದಾರಿಯಾದದ್ದು ಅಲ್ಲಿಂದ. ಯುರೋಪಿಯನ್ ಒಕ್ಕೂಟ ತನ್ನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಡಿ 2023ರ ಸೆಪ್ಟೆಂಬರಿನಲ್ಲಿ ಮೊದಲಿಗೆ ಆರು ದೊಡ್ಡ ಕಂಪನಿಗಳನ್ನು, ವ್ಯಾಪಾರಿಗಳು ಗ್ರಾಹಕರನ್ನು ತಲುಪುವ ದಾರಿಯನ್ನು ಕೈಯಲ್ಲಿಟ್ಟುಕೊಂಡ ಮಾರುಕಟ್ಟೆಯ ದ್ವಾರಪಾಲಕರೆಂದು ಗುರುತಿಸಿ, ತಮ್ಮ ವೇದಿಕೆಯಲ್ಲಿ ವ್ಯಾಪಾರ ಮಾಡುವವರಿಗೆ ಅವರದೇ ವ್ಯಾಪಾರದ ದತ್ತಾಂಶವನ್ನು ಒದಗಿಸಬೇಕೆಂದು ವಿಧಿಸಿತು. ಅಲ್ಲಿನ ದತ್ತಾಂಶ ಕಾಯ್ದೆಯ ಪ್ರಕಾರ ಒಂದು ಕ್ಲೌಡ್ ಸೇವೆಯಿಂದ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್ ಸೇವೆ) ಇನ್ನೊಂದಕ್ಕೆ ಹೋಗುವವರ ಮೇಲೆ ಸ್ಥಳಾಂತರ ಶುಲ್ಕ ಹೇರುವುದು 2027ರ ಜನವರಿಯಿಂದ ಪೂರ್ಣವಾಗಿ ನಿಲ್ಲಬೇಕು.

ನಿಯಮ ಹೆಚ್ಚಿದಷ್ಟೂ ಒಳಿತೆಂದು ನಾನು ವಾದಿಸುತ್ತಿಲ್ಲ. ಯುರೋಪಿನ ವೈಯಕ್ತಿಕ ದತ್ತಾಂಶ ರಕ್ಷಣೆಯ ನಿಯಮ 2018ರ ಮೇ ತಿಂಗಳಲ್ಲಿ ಜಾರಿಯಾದಾಗ ಜಾಲತಾಣಗಳು ಜಾಹೀರಾತು, ಭೇಟಿಗಳ ಎಣಿಕೆ ಮುಂತಾದವಕ್ಕೆ ಬೇರೆ ಕಂಪನಿಗಳಿಂದ ಪಡೆಯುತ್ತಿದ್ದ ಹೊರಗಿನ ಸೇವೆಗಳ ಬಳಕೆಯನ್ನು ತಗ್ಗಿಸಿದವು. ಆದರೆ ಹಾಗೆ ಕೈಬಿಟ್ಟವುಗಳಲ್ಲಿ ಚಿಕ್ಕ ಸಂಸ್ಥೆಗಳ ಸೇವೆಗಳೇ ಹೆಚ್ಚಾಗಿ, ಅತಿ ದೊಡ್ಡವರ ಪಾಲು ಬೆಳೆಯಿತೆಂದು ಸಂಶೋಧಕರು ತೋರಿಸಿದ್ದಾರೆ. ಗೋಪ್ಯತೆಯ ರಕ್ಷಣೆ ಬೇಕೇ ಬೇಕು. ಆದರೆ ಒಂದೇ ನಮೂನೆಯ ಕಾಗದಪತ್ರದ ಹೊರೆ ವಕೀಲರ ಪಡೆಯುಳ್ಳ ಕಂಪನಿಗೆ ಹಗುರ, ಐದು ಜನರ ಸಂಸ್ಥೆಗೆ ಭಾರ.

ಆದ್ದರಿಂದ ತಾವು ರೂಪಿಸುವ ಕಾಯ್ದೆಯಲ್ಲಿ, ಯಾವುದೇ ಸಾಫ್ಟ್‌ವೇರ್ ಅಥವಾ ವೇದಿಕೆಯನ್ನು ಬಿಡುವ ಉದ್ಯಮಕ್ಕೆ ತನ್ನ ಸಂಪೂರ್ಣ ದಾಖಲೆಯನ್ನು ಇತರ ವ್ಯವಸ್ಥೆಗಳೂ ಓದಬಲ್ಲ ರೂಪದಲ್ಲಿ, ನಿಗದಿತ ಅವಧಿಯೊಳಗೆ, ಶುಲ್ಕವಿಲ್ಲದೆ ಪಡೆಯುವ ಹಕ್ಕು ಇರಲಿ. ಸಹಾಯಧನದ ಒಂದು ಭಾಗ ಸಿಬ್ಬಂದಿಯ ತರಬೇತಿಗೆ ಮೀಸಲಾಗಲಿ. ಪ್ರತಿ ಎರಡು ವರ್ಷಕ್ಕೊಮ್ಮೆ, ಮುಂದಿರುವ ಉದ್ಯಮಗಳಿಗೂ ಹಿಂದುಳಿದವಕ್ಕೂ ನಡುವೆ ಉತ್ಪಾದಕತೆಯ ಅಂತರ ಕಿರಿದಾಯಿತೋ ಹಿರಿದಾಯಿತೋ ಎಂಬ ಲೆಕ್ಕವನ್ನು ತಮ್ಮ ಇಲಾಖೆ ಸದನದ ಮುಂದಿಡಲಿ.

ಇಂತಿ,
ವಿಶ್ವಾಸಪೂರ್ವಕವಾಗಿ,
ಸಾಫ್ಟ್‌ವೇರ್ ಅಳವಡಿಕೆಯ ವೃತ್ತಿಯ ಒಬ್ಬ ನಾಗರಿಕ