ಸೌರ ವಿದ್ಯುತ್ತಿನ ವಿವರ ಕನ್ನಡದಲ್ಲೂ ಸಿಗಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಕಾಸರಗೋಡಿನಲ್ಲಿ ಶುದ್ಧ ಇಂಧನದ ಪರವಾಗಿ ನಡೆದ ರಾಜಕೀಯ ಸಭೆಗೆ ಬದಿಯಡ್ಕದಿಂದ ಬಸ್ಸು ಹಿಡಿದು ಹೋಗಿದ್ದೆ. ನಾನು ಯಾವ ಪಕ್ಷದವಳೂ ಅಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಚಿಕ್ಕಂದಿನಲ್ಲಿ ಕಂಡವಳು. ಗಾಳಿ, ನೀರು ಕೆಟ್ಟರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಭಾಷಣಗಳು ಜೋರಾಗಿದ್ದವು. ಆದರೆ ಮನಸ್ಸಿನಲ್ಲಿ ಉಳಿದದ್ದು ಪಕ್ಕದಲ್ಲಿ ಕೂತಿದ್ದ ಹಿರಿಯ ಅಡಿಕೆ ಕೃಷಿಕರ ಮಾತು. "ತಂಗೀ, ಮಾಡಿನ ಮೇಲೆ ಪ್ಯಾನೆಲ್ ಹಾಕಿಸಿದ ಮೇಲೆ ಕರೆಂಟು ಬಿಲ್ಲಿನ ಹೆದರಿಕೆ ಹೋಯಿತು" ಎಂದರು. ಮನೆಯ ಮಾಡಿಗೆ ಸೌರ ಪ್ಯಾನೆಲ್ ಹಾಕಿಸಲು ಕೇಂದ್ರ ಸರ್ಕಾರ 2024ರಲ್ಲಿ ಶುರು ಮಾಡಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ನಮಗೂ ಆಸೆ ಹುಟ್ಟಿತು.

ಮರುದಿನವೇ ವಿಚಾರಿಸಲು ಕಚೇರಿಯೊಂದಕ್ಕೆ ಹೋದೆ. ಅಲ್ಲಿ ಕೊಟ್ಟ ವಿವರದ ಹಾಳೆ ಮಲಯಾಳದಲ್ಲಿ ಮಾತ್ರ ಇತ್ತು. ನಮ್ಮ ಮನೆಯ ಮೀಟರ್ ಇರುವುದು ಅತ್ತೆಯ ಹೆಸರಲ್ಲಿ. ಅವರಿಗೆ ಓದಲು ಬರುವುದು ಕನ್ನಡ ಒಂದೇ. ಓದಲಾಗದ ಕಾಗದಕ್ಕೆ ಸುಮ್ನೆ ಸಹಿ ಹಾಕುವುದಿಲ್ಲ ಎಂದರು. ಅವರದ್ದು ಸರಿಯೇ.

ಅಂಬಲತ್ತರದಲ್ಲಿ 50 ಮೆಗಾವಾಟಿನ ಸೌರ ಪಾರ್ಕ್ ಇರುವ ಜಿಲ್ಲೆ ನಮ್ಮದು. ಸಭೆ ನಡೆಸಿದ ನಾಯಕರು ಇದೊಂದು ಕೆಲಸ ಮಾಡಿಸಲಿ: ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪ್ರತಿ ಪಂಚಾಯತಿನಲ್ಲೂ ಅರ್ಜಿ, ವಿವರ ಎರಡೂ ಕನ್ನಡದಲ್ಲಿ ಸಿಗಲಿ. ಮಳೆಗಾಲದ ಮೊದಲೇ ಸಿಕ್ಕರೆ ಜಾಸ್ತಿ ಉಪಕಾರ.

– ಓರ್ವ ಗೃಹಿಣಿ, ಬದಿಯಡ್ಕ