ರವಿವಾರದ ಸಭೆ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ್ರೀ.

ಬರುವ ರವಿವಾರ ಸಂಜೆ 4:30ಕ್ಕೆ ಇಂದಿರಾ ಗಾಜಿನ ಮನೆ ಗೇಟಿನ ಹತ್ತಿರ ನಮ್ಮ ಹುಬ್ಬಳ್ಳಿ ಟೈಗರ್ಸ್ ಕ್ರಿಕೆಟ್ ತಂಡದ ಅಭಿಮಾನಿಗಳ ಸಭೆ ಇದೆ. ಧಾರವಾಡದವರೂ ತಪ್ಪದೇ ಬರಬೇಕು.

ವಿಷಯ ಒಂದೇ. 2023ರಲ್ಲಿ ಮೈಸೂರು ವಾರಿಯರ್ಸ್ ತಂಡವನ್ನು ಸೋಲಿಸಿ ನಮ್ಮವರು ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಗೆದ್ದರು. ಆದರೆ ಆ ಫೈನಲ್ ನಡೆದದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಊರಿನ ಹೆಸರಿನ ತಂಡ ಊರಲ್ಲಿ ಆಡದಿದ್ದರೆ ಸಣ್ಣ ಹುಡುಗರಿಗೆ ಅದು ನಮ್ಮದು ಅಂತ ಹೇಗೆ ಅನಿಸಬೇಕು? ತಂಡಕ್ಕೆ ಪ್ರಾಯೋಜಕರ ದುಡ್ಡು ಬೇಕು. ಅವರು ಮೊದಲು ನೋಡುವುದು ತಂಡದ ಹಿಂದೆ ಎಷ್ಟು ಜನ ಇದ್ದಾರೆ ಅಂತ, ಅಲ್ವಾ? ಅದಕ್ಕೇ ಹುಬ್ಬಳ್ಳಿ ರಾಜನಗರದ ಕೆಎಸ್‌ಸಿಎ (ರಾಜ್ಯ ಕ್ರಿಕೆಟ್ ಸಂಸ್ಥೆ) ಮೈದಾನದಲ್ಲಿ ಒಂದೆರಡು ಪಂದ್ಯವಾದರೂ ಕೊಡಿ ಎಂದು ಮನವಿ ಬರೆದಿದ್ದೇವೆ. ಅಂದು ಎಲ್ಲರ ಸಹಿ ಬೇಕು.

ಮಕ್ಕಳನ್ನು ಕರೆದುಕೊಂಡು ಬನ್ನಿ. ಜೆರ್ಸಿ ಇದ್ದವರು ಹಾಕಿಕೊಂಡು ಬರಲಿ, ಗುಂಪಿನ ಫೋಟೋವನ್ನು ಮನವಿ ಜೊತೆ ಲಗತ್ತಿಸುತ್ತೇವೆ. ಡೊಳ್ಳು, ಹಲಗೆ ಬಾರಿಸುವವರು ಗೊತ್ತಿದ್ದರೆ ನನಗೆ ಪ್ರತ್ಯೇಕವಾಗಿ ತಿಳಿಸಿ. ಪಂದ್ಯ ಸಿಕ್ಕರೆ ಸ್ಟ್ಯಾಂಡಿನಲ್ಲಿ ಅವರೇ ಬೇಕು.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಎಷ್ಟು ಜನ ಅಂತ ಇಲ್ಲೇ ಬರೆಯಿರಿ. ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಿದರೆ ಲೆಕ್ಕ ಸಿಗುವುದಿಲ್ಲ. ಬರಲು ಆಗದವರು ಸಹಿಗೆ ಯಾವಾಗ ಸಿಗುತ್ತೀರಿ ಹೇಳಿ, ನಾವೇ ಬರುತ್ತೇವೆ.