ಗುಂಡನಿಗೆ, ಬೋಂಡನ ಹೊಟ್ಟೆಯ ಬಗ್ಗೆ

ಲೋ ಗುಂಡ,

ಫೋನ್ ಯಾಕೆ ಎತ್ತುತ್ತಿಲ್ಲ ಅಂತ ಸಾಲಾಗಿ ಮೆಸೇಜು ಹಾಕಿದ್ದೀಯ. ಎಡಗೈಯಲ್ಲಿ ಟವೆಲ್ ಸುತ್ತಿದ ಬೋಂಡ, ಬಲಗೈಯಲ್ಲಿ ಸಿರಿಂಜು, ಇನ್ನು ಫೋನ್ ಯಾವ ಕೈಯಲ್ಲಿ ಎತ್ತಲಿ? ಅದಕ್ಕೇ ಉತ್ತರ ಇಲ್ಲಿ, ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ನಿನಗೊಬ್ಬನಿಗೆ ಹೇಳಿದರೂ ಹೇಗೂ ಊರಿಗೆಲ್ಲ ಗೊತ್ತಾಗುತ್ತದೆ. ತಿಪಟೂರಿನ ಕೊಡೆ ವಿಷಯ ಮಾತ್ರ ಕೆಳಗೆ ಬಂದು ಬರೆಯಬೇಡ, ನನ್ನ ಮಗಳೂ ಓದುತ್ತಾಳೆ.

ಬೋಂಡ ಗೊತ್ತಲ್ಲ, ಮಗಳ ಗಿನಿಪಿಗ್. ಅವಳು ಮಣಿಪಾಲದ ಹಾಸ್ಟೆಲ್ ಸೇರಿದಳು, ಇವನು ನನ್ನ ಪಾಲಿಗೆ ಬಂದ. ನಮ್ಮನೆಯವಳು ತೀರ್ಥಹಳ್ಳಿಯಲ್ಲಿ, ಅತ್ತೆಯ ಕಾಲು ಸರಿಹೋಗುವ ತನಕ ಅಲ್ಲೇ. ಹಾಗಾಗಿ ಮನೆಯಲ್ಲಿ ನಾನು ಮತ್ತು ಬೋಂಡ. ಫ್ರಿಜ್ ಬಾಗಿಲು ತೆಗೆದರೆ ಸಾಕು, ಕುಯ್ ಕುಯ್ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುವವನು ಒಂದು ಬೆಳಿಗ್ಗೆ ಸುಮ್ಮನೆ ಮೂಲೆಯಲ್ಲಿ ಮುದುರಿ ಕೂತಿದ್ದ. ಕೊತ್ತಂಬರಿ ಹಿಡಿದರೆ ಮುಖ ತಿರುಗಿಸಿದ. ಪಂಜರದಲ್ಲಿ ಹಿಕ್ಕೆ ಇಲ್ಲ. ಈ ಜಾತಿಯೇ ಹಾಗಂತೆ, ಕಾಡಿನಲ್ಲಿ ಯಾರಾದರೂ ಹಿಡಿದು ತಿಂದುಬಿಡುತ್ತಾರೆ ಅನ್ನುವ ಭಯಕ್ಕೆ ಕಾಯಿಲೆಯನ್ನು ಮುಚ್ಚಿಡುತ್ತವೆ, ನಮಗೆ ಗೊತ್ತಾಗುವಷ್ಟರಲ್ಲಿ ಜಾಸ್ತಿಯಾಗಿರುತ್ತದೆ.

ಮೊದಲು ಹೋದ ಕಡೆ ನಾಯಿ ಬೆಕ್ಕು ಮಾತ್ರ ನೋಡುವುದು ಅಂದರು. ಆಮೇಲೆ ಮೊಲ, ಗಿಳಿ ಎಲ್ಲ ನೋಡುವ ಡಾಕ್ಟರಮ್ಮ ಒಬ್ಬರು ಸಿಕ್ಕಿದರು. ಹೊಟ್ಟೆ ಒತ್ತಿ ನೋಡಿ, ಎಕ್ಸ್‌ರೇ ತೆಗೆದು, ಬಾಯಿಗೆ ಟಾರ್ಚ್ ಬಿಟ್ಟು ದವಡೆ ಹಲ್ಲು ನೋಡಿದರು. ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದು ಸವೆಯದಿದ್ದರೆ ನಾಲಿಗೆಗೇ ಅಡ್ಡ ಬರುತ್ತದಂತೆ. ಬೋಂಡನ ಹಲ್ಲು ಸರಿ ಇತ್ತು. ಕರುಳು ನಿಂತಿತ್ತು, ಒಳಗೆಲ್ಲ ಗ್ಯಾಸ್. ನಾವು ಒಂದು ಹೊತ್ತು ಬಿಟ್ಟರೆ ಹೊಟ್ಟೆ ಹಗುರಾಯಿತು ಅಂತೀವಿ. ಗಿನಿಪಿಗ್‌ಗೆ ಏಕಾದಶಿ ಇಲ್ಲ ಕಣೋ. ಹಗಲೂ ರಾತ್ರಿ ನಾರು ಒಳಗೆ ಹೋಗುತ್ತಲೇ ಇರಬೇಕು, ಅದನ್ನು ಹುದುಗಿಸುವ ಸೂಕ್ಷ್ಮಜೀವಿಗಳು ಕರುಳಿನಲ್ಲಿ ಕಾದಿರುತ್ತವೆ. ತಿನ್ನುವುದು ನಿಂತರೆ ಅವುಗಳ ಲೆಕ್ಕ ತಪ್ಪಿ ಗ್ಯಾಸ್ ಆಗುತ್ತದೆ, ಗ್ಯಾಸ್ ಆದರೆ ನೋವು, ನೋವಿದ್ದರೆ ತಿನ್ನುವುದಿಲ್ಲ. ವಾಂತಿ ಮಾಡಿ ಸುಧಾರಿಸಿಕೊಳ್ಳೋಣ ಅಂದರೆ ಅದೂ ಬರುವುದಿಲ್ಲ.

ಪಕ್ಕದ ಮನೆಯವರು ಪಾಪ, ಮೊಮ್ಮಗನಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಸಿರಪ್ ಹಿಡಿದುಕೊಂಡು ಬಂದಿದ್ದರು. ಡಾಕ್ಟರಮ್ಮನಿಗೆ ಹೇಳಿದರೆ ಹೌಹಾರಿದರು. ಪೆನ್ಸಿಲಿನ್ ಜಾತಿಯ ಔಷಧಿ ಬಾಯಿಗೆ ಹಾಕಿದರೆ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟದ್ದು ಬೆಳೆದು ವಿಷ ಬಿಡುತ್ತದೆ, ಗಿನಿಪಿಗ್ ಉಳಿಯುವುದೇ ಕಷ್ಟವಂತೆ. ಇದನ್ನು ಇಲ್ಲಿ ಓದುತ್ತಿರುವವರಿಗಾಗಿ ಬರೆದೆ. ನಿನಗೆ ಯಾವ ಔಷಧಿಯೂ ಏನೂ ಮಾಡುವುದಿಲ್ಲ ಅಂತ ಎನ್‌ಎಸ್‌ಎಸ್ ಕ್ಯಾಂಪಿನಲ್ಲೇ ಗೊತ್ತಾಗಿದೆ.

ನೋವಿಗೆ, ಗ್ಯಾಸಿಗೆ, ಕರುಳು ಓಡಾಡಲು ಅವರು ಕೊಟ್ಟ ಔಷಧಿ ಒಂದು ಕಡೆ. ಮುಖ್ಯ ಕೆಲಸ ಊಟ ಮಾಡಿಸುವುದು. ಅವನ ಪೆಲೆಟ್ಟನ್ನೇ, ಅಂದರೆ ಗುಳಿಗೆಯಂಥ ಒಣ ಆಹಾರವನ್ನೇ, ನೆನೆಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಸಿರಿಂಜಿನಲ್ಲಿ ತುಂಬಿ, ಮುಂದಿನ ಹಲ್ಲಿನ ಹಿಂದೆ ಇರುವ ಸಂದಿಯಲ್ಲಿ ಪಕ್ಕದಿಂದ ಚೂರೇ ಚೂರು ಬಿಡಬೇಕು. ಅವನು ಅಗಿದು ನುಂಗುವ ತನಕ ಕಾಯಬೇಕು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹೀಗೆ ಹಗಲೂ ರಾತ್ರಿ, ಎರಡು ಮೂರು ಗಂಟೆಗೊಮ್ಮೆ. ದಿನಾ ಬೆಳಿಗ್ಗೆ ಅಡುಗೆಮನೆಯ ತಕ್ಕಡಿ ಮೇಲೆ ಕೂರಿಸಿ ತೂಕ ಬರೆಯುವುದು. ಮೊದಲ ಹಿಕ್ಕೆ ಬಿದ್ದಾಗ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಅವಳು ಅದನ್ನು ಸ್ಟೇಟಸ್ ಹಾಕಿಕೊಂಡಳು. ನನ್ನ ಒಂದು ಫೋಟೋನೂ ಇವತ್ತಿನವರೆಗೆ ಹಾಕಿಲ್ಲ.

ತಾನಾಗಿ ತಿಂದದ್ದು ಗರಿಕೆ. ಗಾಂಧಿ ಬಜಾರಿನಲ್ಲಿ ಪೂಜೆಗೆ ಅಂತ ಮಾರುತ್ತಾರಲ್ಲ, ಅದೇ ಕಟ್ಟು, ಚೆನ್ನಾಗಿ ತೊಳೆದು ಹಿಡಿದೆ. ಅನಲಾಸುರನನ್ನು ನುಂಗಿ ಗಣಪತಿಗೆ ಹೊಟ್ಟೆ ಉರಿ ಹತ್ತಿದಾಗ 21 ಗರಿಕೆಯಿಂದ ತಣ್ಣಗಾಯಿತಂತೆ. ಬೋಂಡನಿಗೆ ಎರಡೇ ಎಸಳು ಸಾಕಾಯಿತು. ಕರಕರ ಅಂತ ಅಗಿದ.

ಈಗ ಒಂದು ಮಾತು. ಅವನು ತಿಂದದ್ದು ನೋಡಿ ಖುಷಿಯಾಯಿತು, ಸರಿ. ಅದರ ಬೆನ್ನಿಗೇ ಒಂಥರಾ ಬೇಜಾರು ಬಂತು. ಅಯ್ಯೋ, ಇಷ್ಟು ಬೇಗ ಮುಗೀತಾ ಅನ್ನುವ ಹಾಗೆ. ಮಗಳು ಭಾನುವಾರ ಮಾತ್ರ ಫೋನ್ ಮಾಡುತ್ತಿದ್ದಳು, "ಹ್ಞೂಂ ಅಪ್ಪ, ಆಯ್ತು ಅಪ್ಪ, ಇಡ್ಲಾ?" ಅಷ್ಟೇ. ಬೋಂಡ ಕಾಯಿಲೆ ಬಿದ್ದ ಮೇಲೆ ರಾತ್ರಿ ಎರಡು ಗಂಟೆಗೂ ವಿಡಿಯೋ ಕಾಲ್. ಕ್ಯಾಮೆರಾ ಬೋಂಡನ ಮೇಲೆ, ನನ್ನದು ಬರೀ ಕೈ ಕಾಣುತ್ತಿತ್ತು. ಬಹುಶಃ ಅದಕ್ಕೇ ಅವಳು ಮಾತಾಡುತ್ತಾ ಹೋದಳು. ಮೆಸ್ಸಿನ ಸಾರು, ರೂಮ್‌ಮೇಟ್ ಜೊತೆ ಮಾತು ಬಿಟ್ಟದ್ದು, ಮೊದಲ ತಿಂಗಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದದ್ದು. ನಾನು ಆಗೆಲ್ಲ ದುಡ್ಡು ಸಾಕಾ ಅಂತ ಕೇಳುತ್ತಿದ್ದೆ, ಅವಳು ಸಾಕು ಅನ್ನುತ್ತಿದ್ದಳು. ವಿಆರ್‌ಎಸ್ ತೆಗೆದುಕೊಂಡ ಮೇಲೆ ನಾನು ಅಲಾರಂ ಇಟ್ಟು ಎದ್ದದ್ದೂ ಇದೇ ಮೊದಲು. ಇಲ್ಲಿ ನಾನು ಏಳದಿದ್ದರೆ ಒಂದು ಜೀವ ಹೋಗುತ್ತದೆ ಅನ್ನುವುದು ಭಯವೇ, ಆದರೆ ಆ ಭಯ ನನಗೆ ಬೇಕಿತ್ತು ಅಂತ ಕಾಣುತ್ತದೆ. ಗರಿಕೆ ಅಗಿಯುವ ಸದ್ದು ಕೇಳಿ, ಇನ್ನು ಇವಳು ಭಾನುವಾರಕ್ಕೇ ಅಂತ ನನ್ನೊಳಗೆ ಯಾವನೋ ಲೆಕ್ಕ ಹಾಕಿದ.

ಸಾಕು ಬಿಡು. ಹಿಕ್ಕೆ ವಿಷಯ ಬರೆಯಲು ಕೂತವನು ಎಲ್ಲೆಲ್ಲಿಗೋ ಹೋದೆ. ಪುಟ್ಟಿ, ನೀನು ಓದುತ್ತಿದ್ದರೆ ಮೇಲಿನ ಪ್ಯಾರಾ ಬಿಟ್ಟು ಓದು, ಅದನ್ನು ಬೋಂಡ ಟೈಪ್ ಮಾಡಿದ್ದು.

ಈಗ ಹೊಸ ಗಲಾಟೆ. ಗಿನಿಪಿಗ್ ಒಂಟಿಯಾಗಿ ಸಾಕುವ ಹಾಗಿಲ್ಲ ಅಂತ ಸ್ವಿಟ್ಜರ್ಲೆಂಡ್‌ನಲ್ಲಿ 2008ರಿಂದ ನಿಯಮ ಇದೆಯಂತೆ, ಅದನ್ನು ಕಳಿಸಿ, ಇನ್ನೊಂದು ತರೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಗಂಡಸರು ಒಂಟಿಯಾಗಿರುವ ಬಗ್ಗೆ ಅಲ್ಲಿ ನಿಯಮ ಏನಾದರೂ ಇದೆಯಾ ಅಂತ ಕೇಳಿದೆ, ಉತ್ತರ ಬರಲಿಲ್ಲ. ಹೆಣ್ಣು ತಂದರೆ ಎರಡು ತಿಂಗಳಲ್ಲಿ ಮನೆ ತುಂಬ ಬಜ್ಜಿ. ಗಂಡು ತಂದರೆ ಇಬ್ಬರೂ ಜಗಳ ಆಡಬಹುದು, ನೋಡಿಕೊಂಡು ನಿಧಾನಕ್ಕೆ ಜೊತೆ ಬಿಡಬೇಕು. ಗಂಡೇ ಇರಲಿ, ಹೆಸರು ಗುಂಡ ಅಂತ ಅವಳೇ ತೀರ್ಮಾನ ಮಾಡಿದ್ದಾಳೆ, ತಿನ್ನುವುದು ನಿಲ್ಲಿಸುವ ಭಯ ಇರುವುದಿಲ್ಲವಂತೆ. ಆಕ್ಷೇಪಣೆ ಏನಾದರೂ ಇದ್ದಲ್ಲಿ ಅತ್ತಿಗೆಯವರ ಸಹಿಯೊಂದಿಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.

ನಿನ್ನ,
ರಾಜ